ನಮ್ಮವನ ಕೈ ಹಿಡಿಯುವುದು ಎಂದರೇನು? ಮಿರ್ಜಾ ಇಸ್ಮಾಯಿಲ್ ಎದುರಿಸಿದ ಎರಡು ಪರೀಕ್ಷೆಗಳು

ದೇಶದ ಯಾವುದೋ ಮೂಲೆಯಲ್ಲಿ ಮುಸ್ಲಿಂ ಹೆಸರಿನವನೊಬ್ಬ ಅಪರಾಧ ಮಾಡಿದ ಅಂದುಕೊಳ್ಳಿ. ಅರ್ಧ ಗಂಟೆಯೊಳಗೆ ವಾಟ್ಸಾಪ್ ಗುಂಪುಗಳಲ್ಲಿ ಪ್ರಶ್ನೆ ಶುರುವಾಗುತ್ತೆ: ಉಳಿದ ಮುಸ್ಲಿಮರು ಯಾಕೆ ಖಂಡಿಸ್ತಾ ಇಲ್ಲ? ಖಂಡಿಸಿದವರ ಮಾತನ್ನು ಯಾರೂ ಓದಲ್ಲ. ಖಂಡಿಸದವರ ಮೌನವನ್ನು ಮಾತ್ರ ಎಣಿಸ್ತಾರೆ. ಇತ್ತ ಸಮುದಾಯದ ಒಳಗೂ ಒಂದು ಒತ್ತಡ ಹುಟ್ಟುತ್ತೆ. ಎಲ್ಲರೂ ನಮ್ಮ ಮೇಲೆ ಬಿದ್ದಿರುವಾಗ ನಮ್ಮವನನ್ನು ನಾವೂ ಬೈಯಬೇಕಾ ಅನ್ನುವ ಒತ್ತಡ. ಇದು ಮುಸ್ಲಿಮರಿಗೆ ಮಾತ್ರ ಅಂಟಿದ ಕಷ್ಟ ಅಂತೇನೂ ಇಲ್ಲ. ಜಾತಿ ಸಂಘದಲ್ಲಿ, ಪಕ್ಷದಲ್ಲಿ, ವಿದ್ಯಾರ್ಥಿ ಸಂಘಟನೆಯಲ್ಲಿ ಇರುವ ಯಾರಿಗೂ ಇದು ಗೊತ್ತು. ನಮ್ಮವನು ತಪ್ಪು ಮಾಡಿದಾಗ ಅವನಿಗೆ ನಿಷ್ಠರಾಗಿರೋದು ಅಂದರೆ ಏನು?

ಈ ಪ್ರಶ್ನೆಯನ್ನು ಇಸ್ಲಾಂ ಬಹಳ ಹಿಂದೆಯೇ ಎತ್ತಿಕೊಂಡು ನೇರವಾಗಿ ಉತ್ತರಿಸಿದೆ. ಆ ಉತ್ತರವನ್ನು ಕನ್ನಡ ನಾಡಿನ ಒಬ್ಬ ಮುಸಲ್ಮಾನನ ಬದುಕಿನ ಪಕ್ಕ ಇಟ್ಟು ನೋಡಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸಿತ್ತು. ಆತ ಸರ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ ಮೈಸೂರಿನ ದಿವಾನರು.

ನಾನು ಹೊಳಲ್ಕೆರೆ ತಾಲ್ಲೂಕಿನ ತಾಳ್ಯದವನು. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಇತಿಹಾಸ ಅಂದ ಕೂಡಲೇ ಕಣ್ಣಿಗೆ ಬರೋದು ಕೋಟೆ, ಮದಕರಿ ನಾಯಕ, ಓಬವ್ವನ ಒನಕೆ. ಆ ಕಥೆಯಲ್ಲಿ ಬರುವ ಮುಸ್ಲಿಂ ಒಬ್ಬನೇ, 1779ರಲ್ಲಿ ದುರ್ಗವನ್ನು ಗೆದ್ದುಕೊಂಡ ಹೈದರಾಲಿ. ಅದೇ ಜಿಲ್ಲೆಯ ಆಡಳಿತ 15 ವರ್ಷ ಇನ್ನೊಬ್ಬ ಮುಸಲ್ಮಾನನ ಕೈಯಲ್ಲಿತ್ತು ಅನ್ನೋದನ್ನ ನಮ್ಮ ಕಡೆ ಯಾರೂ ನೆನೆಯಲ್ಲ. ಕತ್ತಿ ಹಿಡಿದವನು ನೆನಪಿನಲ್ಲಿ ಉಳಿಯುತ್ತಾನೆ, ಕಡತ ಹಿಡಿದವನು ಮರೆತುಹೋಗ್ತಾನೆ.

ಕದ್ದ ಕವಚದ ಕಥೆ

ಮೊದಲು ಆ ಉತ್ತರ ಏನು ಅಂತ ನೋಡೋಣ. ಕುರ್‌ಆನಿನ ನಾಲ್ಕನೇ ಅಧ್ಯಾಯ ಅನ್ನಿಸಾದಲ್ಲಿ, 105ನೇ ವಚನದಿಂದ ಮುಂದಕ್ಕೆ, ಮೋಸಗಾರರ ಪರ ವಾದ ಮಾಡಬೇಡ ಅನ್ನುವ ಅರ್ಥದ ಎಚ್ಚರಿಕೆ ಇದೆ. ಅದರ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಒಂದು ಘಟನೆ ಹೇಳ್ತಾರೆ. ಮದೀನಾದಲ್ಲಿ ಮುಸ್ಲಿಂ ಮನೆತನವೊಂದರ ವ್ಯಕ್ತಿ ನೆರೆಯವನ ಕವಚ ಕದ್ದ. ಸಿಕ್ಕಿಬೀಳುವ ಭಯದಿಂದ ಅದನ್ನು ಒಬ್ಬ ಯಹೂದಿಯ ಮನೆಗೆ ಸಾಗಿಸಿ, ಕಳ್ಳ ಅವನೇ ಅಂದ. ಕದ್ದವನ ಬಂಧುಗಳೆಲ್ಲ ಸೇರಿ ಪ್ರವಾದಿ ಮುಹಮ್ಮದರ ಮುಂದೆ ತಮ್ಮವನ ಪರ ನಿಂತರು. ಅವರು ಹೊಸ ಧರ್ಮದ ಬೆಂಬಲಿಗರು, ಸಂಖ್ಯೆಯಲ್ಲಿ ಹೆಚ್ಚಿದ್ದವರು. ಆಪಾದಿತ ಹೊರಗಿನವನು. ಎಲ್ಲವೂ ಅವನ ವಿರುದ್ಧ ವಾಲಿದ್ದ ಹೊತ್ತಿನಲ್ಲಿ ಆ ವಚನಗಳು ಬಂದವು, ಯಹೂದಿ ನಿರಪರಾಧಿ ಎಂದಾಯಿತು ಅನ್ನೋದು ಪರಂಪರೆಯ ನಂಬಿಕೆ. ಅದೇ ಅಧ್ಯಾಯದ 135ನೇ ವಚನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಯದ ಸಾಕ್ಷಿ ಸ್ವಂತಕ್ಕೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಹೇಳಲೇಬೇಕು ಅನ್ನುತ್ತೆ.

ಐದನೇ ಅಧ್ಯಾಯದ 8ನೇ ವಚನ ಇದರ ಇನ್ನೊಂದು ಮಗ್ಗಲು. ಯಾವುದೋ ಜನರ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ದೂಡಬಾರದು ಅನ್ನೋದು ಅದರ ತಾತ್ಪರ್ಯ. ಪ್ರೀತಿಯೂ ತಕ್ಕಡಿಯನ್ನು ವಾಲಿಸಬಾರದು, ದ್ವೇಷವೂ ವಾಲಿಸಬಾರದು.

ಹದೀಸಿನಲ್ಲಿ ಇದಕ್ಕೆ ಒಂದು ಚೂಪಾದ ತಿರುವು ಇದೆ. ಸೋದರ ಪೀಡಿತನಾಗಿರಲಿ, ಪೀಡಕನಾಗಿರಲಿ, ಅವನಿಗೆ ನೆರವಾಗಿ ಅಂತ ಪ್ರವಾದಿ ಹೇಳಿದರು. ಕೇಳಿದವರಿಗೆ ಗೊಂದಲ. ಪೀಡಿತನಿಗೆ ನೆರವು ಸರಿ, ಪೀಡಕನಿಗೆ ಹೇಗೆ? ಅವನ ಕೈ ಹಿಡಿದು ತಡೆಯೋದೇ ಅವನಿಗೆ ಮಾಡುವ ನೆರವು ಅನ್ನೋದು ಬಂದ ವಿವರಣೆ. ಕನ್ನಡದಲ್ಲಿ ಕೈ ಹಿಡಿಯೋದು ಅಂದರೆ ಆಸರೆ ಕೊಡೋದು. ಇಲ್ಲಿ ಆಸರೆಯೂ ಅದೇ, ತಡೆಯೂ ಅದೇ. ಇನ್ನೊಂದು ಹದೀಸು ಕುರುಡು ಗುಂಪುನಿಷ್ಠೆಗೆ ಗಡಿ ಹಾಕುತ್ತೆ: ತನ್ನ ಜನರನ್ನು ಪ್ರೀತಿಸೋದು ತಪ್ಪಲ್ಲ, ಅವರು ಅನ್ಯಾಯ ಮಾಡುವಾಗ ಬೆಂಬಲಿಸೋದು ತಪ್ಪು.

ನಮ್ಮ ಹಳ್ಳಿಗಳಿಗೆ ಇದು ಪೂರಾ ಅಪರಿಚಿತವೇನಲ್ಲ. ನಮ್ಮ ಕಡೆ ಮೊಹರಂ ಅಂದರೆ ಬಾಬಯ್ಯನ ಹಬ್ಬ. ಹಿಂದೂಗಳೂ ಹರಕೆ ಹೊರ್ತಾರೆ. ಆ ಹಬ್ಬದ ಒಡಲಲ್ಲಿರೋದು ಕ್ರಿ.ಶ. 680ರ ಕರ್ಬಲಾ. ಅಲ್ಲಿ ಹುಸೇನರನ್ನು ಕೊಂದ ಸೈನ್ಯ ಯಜೀದನದ್ದು, ಅವನೂ ಮುಸ್ಲಿಂ ದೊರೆಯೇ. ನಮ್ಮವನೇ ಅನ್ಯಾಯಗಾರ ಆದಾಗ ಏನು ಮಾಡಬೇಕು ಅನ್ನುವ ಪ್ರಶ್ನೆಯನ್ನು ಪ್ರತಿ ವರ್ಷ ಹೊತ್ತು ಮೆರೆಸುವ ಹಬ್ಬ ಅದು. ಮಿರ್ಜಾ ಹುಟ್ಟಿದ್ದು ಆ ನೆನಪನ್ನು ಎದೆಯಲ್ಲಿಟ್ಟುಕೊಂಡ ಶಿಯಾ ಮನೆತನದಲ್ಲಿ.

ಕುದುರೆ ವ್ಯಾಪಾರಿಯ ಮೊಮ್ಮಗ

ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜಿನಿಂದ ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದವರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ. ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಎಳೆಯ ರಾಜಕುಮಾರ ನಾಲ್ವಡಿ ಕೃಷ್ಣರಾಜ ಒಡೆಯರ ಓದಿಗೆ ಅರಮನೆ ಒಂದು ವಿಶೇಷ ತರಗತಿ ಮಾಡಿದಾಗ, ಸಹಪಾಠಿಗಳಾಗಿ ಆರಿಸಿದ ಹುಡುಗರಲ್ಲಿ ಮಿರ್ಜಾ ಒಬ್ಬರು. ಹಿಂದೂ ಅರಸನಾಗುವ ಹುಡುಗ ಮತ್ತು ಪರ್ಷಿಯಾ ಮೂಲದ ಶಿಯಾ ಹುಡುಗ ಒಂದೇ ಬೆಂಚಿನಲ್ಲಿ ಕಲಿತರು. ಈ ಗೆಳೆತನವೇ ಮಿರ್ಜಾ ಬದುಕಿನ ಬೆನ್ನೆಲುಬು. ಮುಂದೆ ಬರುವ ಕಷ್ಟದ ಪ್ರಶ್ನೆಯ ಬೇರೂ ಇಲ್ಲೇ ಇದೆ.

ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಮುಗಿಸಿ 1905ರಲ್ಲಿ ಮೈಸೂರಿನ ಪೊಲೀಸ್ ಇಲಾಖೆ ಸೇರಿದರು. ಆಮೇಲೆ ಅರಮನೆಯ ಕಾರ್ಯದರ್ಶಿ, ಮಹಾರಾಜರ ಖಾಸಗಿ ಕಾರ್ಯದರ್ಶಿ. 1926ರಲ್ಲಿ, 42ನೇ ವಯಸ್ಸಿಗೆ, ದಿವಾನಗಿರಿ.

ಎಂಜಿನಿಯರಿಂಗ್ ಓದಿದ ನನಗೆ ಅವರ ಕೆಲಸದ ಪಟ್ಟಿ ನೋಡಿದರೆ ಈಗಲೂ ಬೆರಗು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ, ಮಂಡ್ಯ ಸೀಮೆಗೆ ನೀರು ಕೊಟ್ಟ ಇರ್ವಿನ್ ನಾಲೆ, ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ, ಹಳ್ಳಿಗಳಿಗೆ ವಿದ್ಯುತ್. ಕೊನೆಗೆ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ, ಇವತ್ತಿನ ಎಚ್‌ಎಎಲ್. ಊರೂರು ಸುತ್ತಿ ಚರಂಡಿ, ದೀಪದ ಕಂಬ, ಉದ್ಯಾನ ನೋಡುತ್ತಿದ್ದ ಆಡಳಿತಗಾರ ಅಂತಲೇ ಅವರ ಹೆಸರು. ಗಾಂಧೀಜಿ 1927ರಲ್ಲಿ ನಂದಿ ಬೆಟ್ಟದಲ್ಲಿ ಆರೋಗ್ಯ ಸುಧಾರಿಸಿಕೊಂಡಾಗ ಆತಿಥ್ಯ ಮಾಡಿದ್ದು ಇವರ ಸರ್ಕಾರವೇ.

ಆದರೂ ಅನುಮಾನ ಬಿಡಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರ ಗಣಪತಿ ವಿಗ್ರಹದ ವಿವಾದ ಬೀದಿಗೆ ಬಂತು. ವಿದ್ಯಾರ್ಥಿಗಳ ಮೆರವಣಿಗೆ, ಗಲಭೆ, ಪತ್ರಿಕೆಗಳ ಮೇಲೆ ಕ್ರಮ. ದಿವಾನರು ಮುಸ್ಲಿಂ, ಹಾಗಾಗಿ ಮುಸ್ಲಿಮರ ಪರ ಅನ್ನುವ ಆರೋಪ ಜೋರಾಯಿತು. ಸರ್ಕಾರ ತನಿಖೆಗೆ ಸಮಿತಿ ನೇಮಿಸಿತು. ಅದರ ಅಧ್ಯಕ್ಷತೆ ಕೊಟ್ಟಿದ್ದು ಮಾಜಿ ದಿವಾನ, ರಾಜ್ಯದಲ್ಲಿ ಎಲ್ಲರೂ ಗೌರವಿಸುತ್ತಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ. ತನ್ನ ಆಡಳಿತವನ್ನೇ ಅಳೆಯುವ ಕೆಲಸ ತನ್ನ ನೆರಳಲ್ಲಿ ಇರದ ವ್ಯಕ್ತಿಗೆ ಹೋಗೋದು ಸಣ್ಣ ಮಾತಲ್ಲ. ಅದೇ ಹೊತ್ತಿಗೆ, ಬಿಸಿಯಾಗಿ ಬರೆದ ಪತ್ರಿಕೆಗಳನ್ನು 1908ರ ಪತ್ರಿಕಾ ಕಾಯ್ದೆಯಿಂದ ಹದ್ದುಬಸ್ತಿನಲ್ಲಿಟ್ಟ ರಾಜ್ಯವೂ ಇದೇ ಅನ್ನೋದನ್ನ ಪತ್ರಕರ್ತನಾಗಿ ನಾನು ಬಿಟ್ಟುಹೇಳಲಾರೆ.

ವಿದುರಾಶ್ವತ್ಥದ ಗುಂಡು

ಹತ್ತು ವರ್ಷಗಳ ನಂತರ ದೊಡ್ಡ ಪರೀಕ್ಷೆ ಬಂತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ನಿಷೇಧ ಮೀರಿ ರಾಷ್ಟ್ರಧ್ವಜ ಹಾರಿಸಿತು. ಟಿ. ಸಿದ್ದಲಿಂಗಯ್ಯ ಅದರ ಅಧ್ಯಕ್ಷರು. ಧ್ವಜ ಸತ್ಯಾಗ್ರಹ ಊರೂರಿಗೆ ಹಬ್ಬಿತು. ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಜನರ ನೆನಪಿನಲ್ಲಿ ಉಳಿದಿರೋದು ಮೂವತ್ತಕ್ಕೂ ಹೆಚ್ಚು ಜನ. ಆ ಊರಿಗೆ ದಕ್ಷಿಣದ ಜಲಿಯನ್‌ವಾಲಾಬಾಗ್ ಅನ್ನುವ ಹೆಸರು ಬಂದಿದ್ದು ಹಾಗೆ.

ಸರ್ಕಾರ ವಿಚಾರಣಾ ಸಮಿತಿ ನೇಮಿಸಿತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದರು. ಮೇ ತಿಂಗಳಲ್ಲಿ ಪಟೇಲ್-ಮಿರ್ಜಾ ಒಪ್ಪಂದ ಆಯಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಮೈಸೂರಿನ ಬಾವುಟದ ಜೊತೆ ರಾಷ್ಟ್ರಧ್ವಜ ಹಾರಿಸಲು ಒಪ್ಪಿಗೆ ಸಿಕ್ಕಿತು. ಒಂದು ತಿಂಗಳ ಹಿಂದೆ ಗುಂಡಿಗೆ ಕಾರಣವಾಗಿದ್ದ ಬಟ್ಟೆಯ ತುಂಡು ಈಗ ಸರ್ಕಾರದ ಒಪ್ಪಿಗೆಯಿಂದಲೇ ಹಾರುವಂತಾಯಿತು. ಹಾಗಾದರೆ ಆ ಸಾವುಗಳು ಯಾತಕ್ಕೆ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ದಿವಾನರು ಕುರ್ಚಿ ಬಿಡಲಿಲ್ಲ.

ಒಪ್ಪಂದದ ಮರುವರ್ಷವೇ ತಿಕ್ಕಾಟ ನಮ್ಮ ಜಿಲ್ಲೆಗೆ ಬಂತು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆದು, ಸತ್ಯಾಗ್ರಹಿಗಳು ಈಚಲು ಮರ ಕಡಿದು ಜೈಲಿಗೆ ಹೋದರು. ದುರ್ಗದಲ್ಲಿ ವಕೀಲಿ ಮಾಡಿಕೊಂಡಿದ್ದ ಎಸ್. ನಿಜಲಿಂಗಪ್ಪ ಆ ಹೋರಾಟದ ಮುಂಚೂಣಿಯಲ್ಲಿದ್ದವರು. ಮುಂದೆ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದ ಅವರು ಆಗ ಎದುರು ಹಾಕಿಕೊಂಡಿದ್ದು ಮಿರ್ಜಾ ಸರ್ಕಾರವನ್ನೇ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. 1928ರಿಂದ ಜನ ಮಿರ್ಜಾರನ್ನು ಅನುಮಾನಿಸಿದ್ದು ಮುಸ್ಲಿಮರಿಗೆ ವಾಲುತ್ತಾರೆ ಅಂತ. ಅವರು ನಿಜಕ್ಕೂ ವಾಲಿದ್ದು ಅರಮನೆಯ ಕಡೆಗೆ. ಅವರ ‘ನಮ್ಮವರು’ ಮಸೀದಿಯಲ್ಲಿ ಇರಲಿಲ್ಲ. ಬೆಂಚು ಹಂಚಿಕೊಂಡ ಗೆಳೆಯನ ಸಿಂಹಾಸನ, ತಾನು ಕಟ್ಟಿದ ಆಡಳಿತ, ಅದರ ಶಿಸ್ತು ಅವರಿಗೆ ನಮ್ಮದು ಆಗಿತ್ತು. ಆ ‘ನಮ್ಮದು’ ಜನರ ಮೇಲೆ ಗುಂಡು ಹಾರಿಸಿದಾಗ ಅವರು ಅದರ ಕೈ ಹಿಡಿದದ್ದು ತಡವಾಗಿ, ಹೊರಗಿನವರು ಬಂದು ಕೂತ ಮೇಲೆ. ಅನ್ನಿಸಾ ಅಧ್ಯಾಯದ ಆ ವಚನ ಬಂಧುಗಳಿಗಿಂತ ಮೊದಲು ಸ್ವಂತದ ಹೆಸರು ಹೇಳೋದು ಇದಕ್ಕೇ ಇರಬೇಕು ಅಂತ ನನಗನ್ನಿಸುತ್ತೆ. ನಮ್ಮ ಸಮುದಾಯದ ತಪ್ಪಿಗಿಂತ ನಮ್ಮ ಕುರ್ಚಿಯ ತಪ್ಪು ಕಾಣೋದು ಕಷ್ಟ.

ಹೈದರಾಬಾದಿನ ಹತ್ತು ತಿಂಗಳು

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ದಿವಾನಗಿರಿ ಬಿಟ್ಟರು. 1942ರಲ್ಲಿ ಜೈಪುರದ ಪ್ರಧಾನಿಯಾದರು. ಅಲ್ಲಿನ ಹೆಸರಾಂತ ಎಂ.ಐ. ರಸ್ತೆಯ ಎರಡು ಅಕ್ಷರ ಇವರ ಹೆಸರೇ. 1946ರ ಆಗಸ್ಟಿನಲ್ಲಿ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಇವರನ್ನು ತನ್ನ ಪ್ರಧಾನಿಯಾಗಿ ಕರೆಸಿಕೊಂಡ. ಜಿನ್ನಾ ಅವರಿಗೆ ಈ ನೇಮಕ ಇಷ್ಟವಿರಲಿಲ್ಲ. ದೇಶವಿಭಜನೆಯ ಬೇಡಿಕೆಯನ್ನು ಮಿರ್ಜಾ ಒಪ್ಪದೇ ಇದ್ದದ್ದು ಎಲ್ಲರಿಗೂ ಗೊತ್ತಿತ್ತು.

ಆಗಿನ ಹೈದರಾಬಾದ್ ಅಂದರೆ ನಮ್ಮ ಬೀದರ್, ಕಲಬುರಗಿ, ರಾಯಚೂರು ಕೂಡ. ಅರಸ ಮುಸ್ಲಿಂ, ಪ್ರಜೆಗಳಲ್ಲಿ ಬಹುಪಾಲು ಹಿಂದೂಗಳು. ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಅಲ್ಲಿನ ಸಾರ್ವಭೌಮತ್ವ ಮುಸಲ್ಮಾನರಿಗೇ ಸೇರಿದ್ದು ಅಂತ ಪ್ರಚಾರ ಮಾಡುತ್ತಿತ್ತು. ಬ್ರಿಟಿಷರು ಹೊರಟ ಮೇಲೆ ನಿಜಾಮ ಸ್ವತಂತ್ರ ದೊರೆಯಾಗಬೇಕು ಅನ್ನುವ ಆಸೆಗೆ ಅದು ಗಾಳಿ ಹಾಕುತ್ತಿತ್ತು.

ಮಿರ್ಜಾ ಮುಂದೆ ಸುಲಭದ ದಾರಿ ಇತ್ತು. ಇಲ್ಲಿ ಅರಸ ತನ್ನ ಧರ್ಮದವನು, ಅವನ ಸುತ್ತ ಇರುವ ಸಂಘಟನೆ ತನ್ನ ಧರ್ಮದ್ದು, ಅಧಿಕಾರವೂ ತನ್ನ ಕೈಯಲ್ಲೇ. ಹೂಂ ಅಂದಿದ್ದರೆ ಸಾಕಿತ್ತು. ಅವರು ಭಾರತದ ಜೊತೆ ರಾಜಿಗೆ ಬನ್ನಿ ಅನ್ನುವ ದಾರಿ ಹಿಡಿದರು. ಇತ್ತೆಹಾದ್ ಅವರ ವಿರುದ್ಧ ತಿರುಗಿಬಿತ್ತು. ನಿಜಾಮ ಸಂಘಟನೆಯ ಕಡೆ ವಾಲಿದ. 1947ರ ಮೇ ತಿಂಗಳಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟು ಹೊರಬಂದರು. ಜೂನ್‌ನಲ್ಲಿ ನಿಜಾಮ ಯಾವ ದೇಶಕ್ಕೂ ಸೇರೋದಿಲ್ಲ ಅನ್ನುವ ನಿಲುವು ಘೋಷಿಸಿದ.

ಮೈಸೂರಿನಲ್ಲಿ ಮುಸ್ಲಿಂ ಅಂತ ಅನುಮಾನಕ್ಕೆ ಗುರಿಯಾದವರು ಹೈದರಾಬಾದಿನಲ್ಲಿ ಸಾಕಷ್ಟು ಮುಸ್ಲಿಂ ಅಲ್ಲ ಅನ್ನುವಂತೆ ಹೊರಬಿದ್ದರು. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳಬೇಕು ಅಂದರೆ, ಯಾವ ವ್ಯವಸ್ಥೆಯಲ್ಲೂ ತಪ್ಪನ್ನು ಅಳೆದು ಹಿಂದಕ್ಕೆ ಎಳೆಯುವ ಒಂದು ತಂತಿ ಇರಬೇಕು. ಅದನ್ನು ಕಿತ್ತರೆ ಮೈಕು ತನ್ನ ದನಿಯನ್ನೇ ಕೇಳಿಸಿಕೊಂಡು ಕಿರುಚಿಕೊಳ್ಳುವ ಹಾಗೆ ವ್ಯವಸ್ಥೆಯೂ ಕಿರುಚಿಕೊಳ್ಳುತ್ತೆ. ನಿಜಾಮ ಆ ತಂತಿ ಕಿತ್ತ. ಕಾಸಿಂ ರಜ್ವಿಯ ರಜಾಕಾರರು ಊರುಗಳಿಗೆ ನುಗ್ಗಿದರು. ಬೀದರ್ ಜಿಲ್ಲೆಯ ಗೋರಟಾ ಇವತ್ತಿಗೂ 1948ರ ಆ ಹತ್ಯಾಕಾಂಡವನ್ನು ಮರೆತಿಲ್ಲ.

ಕೈ ಕಡಿದವರು, ಲೆಕ್ಕ ಬಚ್ಚಿಟ್ಟವರು

ಮಿರ್ಜಾ ಕಳೆದುಕೊಂಡದ್ದು ಹುದ್ದೆ ಮಾತ್ರ. ಅದೇ ಮಾತಿಗೆ ಇನ್ನೊಬ್ಬರು ಜೀವ ತೆತ್ತರು. ಶೋಯಬುಲ್ಲಾ ಖಾನ್ ಇಪ್ಪತ್ತೇಳರ ಹರೆಯದ ಪತ್ರಕರ್ತ, ಇಮ್ರೋಜ್ ಅನ್ನುವ ಉರ್ದು ದಿನಪತ್ರಿಕೆಯ ಸಂಪಾದಕ. ರಜಾಕಾರರ ದೌರ್ಜನ್ಯವನ್ನು ಬರೆದರು, ಹೈದರಾಬಾದ್ ಭಾರತಕ್ಕೆ ಸೇರಲಿ ಅಂದರು, ಹಾಗೆಯೇ ಹೇಳಿದ ಏಳು ಮುಸ್ಲಿಂ ಗಣ್ಯರ ಹೇಳಿಕೆಯನ್ನು ಛಾಪಿಸಿದರು. 1948ರ ಆಗಸ್ಟ್ 21ರ ರಾತ್ರಿ ಕಾಚಿಗುಡದಲ್ಲಿ ಅವರನ್ನು ಗುಂಡಿಟ್ಟು, ಕೈ ಕಡಿದು ಕೊಂದರು. ತಮ್ಮವರ ಕೈ ಹಿಡಿದು ತಡೆಯಲು ಹೋದವನ ಕೈಯನ್ನೇ ಕತ್ತರಿಸಿದರು. ಮುಸ್ಲಿಮರು ಮಾತಾಡಲ್ಲ ಅನ್ನುವ ಪ್ರತಿಯೊಬ್ಬರಿಗೂ ಈ ಹೆಸರು ಗೊತ್ತಿರಬೇಕು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದ ಹಾಗೆ. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದಿಗೆ ನುಗ್ಗಿತು. ಐದೇ ದಿನದಲ್ಲಿ ನಿಜಾಮ ಶರಣಾದ. ಆಮೇಲೆ ನಡೆದದ್ದು ಸೇಡು. ರಜಾಕಾರರಿಗೆ ಸಂಬಂಧವೇ ಇಲ್ಲದ ಮುಸ್ಲಿಮರನ್ನು, ಅವರ ಹೆಸರು ಮುಸ್ಲಿಂ ಅನ್ನುವ ಒಂದೇ ಕಾರಣಕ್ಕೆ, ಕೊಂದರು. ನೆಹರು ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಒಟ್ಟು ಸಾವು 27,000ದಿಂದ 40,000 ಅಂತ ಅಂದಾಜು ಮಾಡಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು, ಬೀದರ್ ಮತ್ತು ಕಲಬುರಗಿ. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ.

ಗೋರಟಾದ ಹೆಸರು ಹೇಳುವವರು ಸುಂದರ್‌ಲಾಲ್ ವರದಿಯ ಹೆಸರು ಹೇಳಲ್ಲ. ಈ ವರದಿಯ ಹೆಸರು ಹೇಳುವ ಎಷ್ಟೋ ಜನ ಗೋರಟಾ ಬಂದಾಗ ಮಾತು ಬದಲಿಸ್ತಾರೆ. ಎರಡೂ ಒಂದೇ ರೋಗ. ಮೊದಲನೆಯದರಲ್ಲಿ ದ್ವೇಷ ತಕ್ಕಡಿಯನ್ನು ವಾಲಿಸುತ್ತೆ, ಎರಡನೆಯದರಲ್ಲಿ ಬಳಗದ ಮೇಲಿನ ಮಮತೆ. ಕದ್ದ ಕವಚದ ಪ್ರಕರಣದಲ್ಲಿ ಬಂದ ತೀರ್ಪು ಇಬ್ಬರಿಗೂ ಅನ್ವಯಿಸುತ್ತೆ. ತಪ್ಪು ಮಾಡಿದವನು ಯಾರೋ ಅವನೇ ಹೊಣೆ. ಅವನ ಹೆಸರು ಹಂಚಿಕೊಂಡವರು ಹೊಣೆಯಲ್ಲ, ಅವನ ಪರ ಸುಳ್ಳು ಹೇಳಿದವರು ಮಾತ್ರ ಪಾಲುದಾರರು.

ಮಿರ್ಜಾ 1959ರ ಜನವರಿ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಧರ್ಮಪಂಡಿತರಲ್ಲ, ಆಡಳಿತಗಾರ. ಅವರನ್ನು ಒಳ್ಳೆಯ ಮುಸಲ್ಮಾನನ ಮಾದರಿ ಅಂತ ಮಾಲೆ ಹಾಕಿ ಕೂರಿಸೋದು ನನಗೆ ಬೇಡ. ಆ ಮಾತಿನ ಹಿಂದೆ ಉಳಿದವರೆಲ್ಲ ಕೆಟ್ಟವರು ಅನ್ನುವ ಲೆಕ್ಕ ಇರುತ್ತೆ. ನನಗೆ ಮುಖ್ಯ ಅನ್ನಿಸೋದು ಅವರ ಎರಡು ಪರೀಕ್ಷೆಗಳ ನಡುವಿನ ಅಂತರ. ಹೈದರಾಬಾದಿನಲ್ಲಿ ಸ್ವಧರ್ಮದ ದೊರೆಗೆ ಬೇಡವಾದ ಮಾತು ಹೇಳಿ ಹುದ್ದೆ ಬಿಟ್ಟ ಅದೇ ಮನುಷ್ಯ, ಮೈಸೂರಿನಲ್ಲಿ ಗೆಳೆಯನ ಸರ್ಕಾರ ಜನರನ್ನು ಕೊಂದಾಗ ಹುದ್ದೆಯಲ್ಲೇ ಉಳಿದರು.

ಹಾಗಾಗಿ ಇದನ್ನು ಓದುತ್ತಿರುವ ನಿಮಗೆ ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ಯಾರೋ ಮುಸ್ಲಿಂ ಗೆಳೆಯನನ್ನು ಯಾಕೆ ಖಂಡಿಸಲಿಲ್ಲ ಅಂತ ಕೇಳುವ ಮೊದಲು ನಿಮ್ಮ ‘ನಮ್ಮವರು’ ಯಾರು ಅಂತ ಒಮ್ಮೆ ಪಟ್ಟಿ ಮಾಡಿ. ಅದರಲ್ಲಿ ಧರ್ಮ, ಜಾತಿ ಇರಬಹುದು. ಬಹುಶಃ ಅವಕ್ಕಿಂತ ಮೇಲೆ ನಿಮ್ಮ ಪಕ್ಷ, ನಿಮ್ಮ ನಾಯಕ, ನೀವು ದುಡಿಯುವ ಸಂಸ್ಥೆ ಇರುತ್ತೆ. ಅವರು ಕೊನೆಯ ಸಲ ತಪ್ಪು ಮಾಡಿದಾಗ ನೀವು ಹಿಡಿದದ್ದು ಅವರ ಬಾವುಟವನ್ನೋ, ಕೈಯನ್ನೋ?